ಬಾಗಿಲಿಗೆ ಐದು ಮಾತು

ಅವರ ಹಿಮ್ಮಡಿಗಳು ಬಿರಿದಿದ್ದವು. ಆ ಬಿರುಕುಗಳಲ್ಲಿ ಬಂಡೆಯ ಬೂದು ಪುಡಿ ಸೇರಿಕೊಂಡಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕಾಲ್ಬೆರಳುಗಳು ಒಂದಕ್ಕೊಂದು ತಾಗದಷ್ಟು ಅಗಲವಾಗಿದ್ದು, ಮಧುಗಿರಿ ಬೆಟ್ಟದ ಇಳಿಜಾರಿನಲ್ಲಿ ಒಂದೊಂದೂ ಬೇರೆಬೇರೆಯಾಗಿ ಕಲ್ಲನ್ನು ಹಿಡಿಯುತ್ತಿದ್ದವು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಜ್ಜಿಗೆಯ ಕ್ಯಾನು, ಕೈಯಲ್ಲಿ ಸೌತೆಕಾಯಿಯ ಚೀಲ. ಚಪ್ಪಲಿ ಹಾಕಿದ್ದನ್ನು ನಾನು ನೋಡಿಲ್ಲ.

ಊರಿನವರೆಲ್ಲ ಅವರನ್ನು ಮಜ್ಜಿಗೆ ಅಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಜಿಲ್ಲಾ ಸುದ್ದಿ ಬರೆಯಲು ಪತ್ರಿಕೆಯವರು ನನ್ನನ್ನು ಮಧುಗಿರಿಗೆ ಹಾಕಿದ ಹೊಸದು. ಬೆಟ್ಟದ ಬುಡಕ್ಕೆ ಹತ್ತಿರ ಮನೆ ಹಿಡಿದು, ಬೆಳಿಗ್ಗೆ ಆರಕ್ಕೆ ಬೆಟ್ಟದ ಕೋಟೆಯ ಮೂರನೇ ಬಾಗಿಲವರೆಗೆ ಹತ್ತಿಳಿಯುವುದನ್ನು ರೂಢಿ ಮಾಡಿಕೊಂಡಿದ್ದೆ. ಅವರು ಕೂತು ಮಾರುತ್ತಿದ್ದುದು ಆ ಮೂರನೇ ಬಾಗಿಲಲ್ಲಿ, ಕಡಿದಾದ ಬಂಡೆ ಶುರುವಾಗುವ ಮುಂಚಿನ ನೆರಳಲ್ಲಿ.

ಮೊದಲ ವಾರವೇ ಒಂದು ವಿಚಿತ್ರ ಕಂಡೆ. ಎರಡನೇ ಬಾಗಿಲಿನ ಹೊಸ್ತಿಲ ಮುಂದೆ ಅವರು ನಿಂತು, ಬೆರಳಿನ ಗೆಣ್ಣು ಎಣಿಸುತ್ತ ಗಟ್ಟಿಯಾಗಿ ಏನೋ ಹೇಳಿದರು. ನಾಲ್ಕನೆಯ ಗೆಣ್ಣಿಗೆ ಬಂದಾಗ ತಡವರಿಸಿ, ನಾಲಿಗೆ ಕಚ್ಚಿಕೊಂಡು, ಕ್ಯಾನು ಹೊತ್ತೇ ತಿರುಗಿ ಕೆಳಗಿಳಿದರು. ಮೊದಲ ಬಾಗಿಲು ಮುಟ್ಟಿ ಮತ್ತೆ ಹತ್ತಿ ಬಂದರು. ಮತ್ತೆ ಐದು ಗೆಣ್ಣು ಎಣಿಸಿದರು. ಈ ಸಲ ಹೊಸ್ತಿಲು ದಾಟಿದರು. ಹೇಳುತ್ತಿದ್ದುದು ಇಂಗ್ಲಿಷು.

ಕೇಳಿದ್ದಕ್ಕೆ ಅವರು ಹೇಳಿದ ಕ್ರಮ ಇಷ್ಟು. ಒಂದು ಬಾಗಿಲಿಗೆ ಐದು ಮಾತು. ಐದನ್ನೂ ತಪ್ಪಿಲ್ಲದೆ ಹೇಳದೆ ಬಾಗಿಲು ದಾಟುವಂತಿಲ್ಲ. ತಪ್ಪಿದರೆ ಹಿಂದಿನ ಬಾಗಿಲಿಗೆ ಇಳಿಯಬೇಕು, ಹೊರೆಯನ್ನು ಕೆಳಗಿಡದೆ. ವಾರಕ್ಕೊಮ್ಮೆ ಮಾತು ಬದಲು. ಸೋಮವಾರ ಜನ ಕಡಿಮೆ, ಅವತ್ತು ಹಳೆಯದೆಲ್ಲ ಮತ್ತೊಂದು ಸಲ. ಹಬ್ಬವಿರಲಿ, ಜ್ವರವಿರಲಿ, ಇದು ತಪ್ಪುತ್ತಿರಲಿಲ್ಲ.

ಅವರ ತವರು ಪಾವಗಡದ ಆಚೆ, ನಾಗಲಮಡಿಕೆಯ ಕಡೆ. ಮನೆಮಾತು ತೆಲುಗು. ತಮ್ಮ ಎರಡು ಎಮ್ಮೆಗಳನ್ನು ಕೊನೆಯವರೆಗೂ ಅವರು ಬೈಯುತ್ತಿದ್ದುದು ತೆಲುಗಿನಲ್ಲೇ. ಇಷ್ಟು ಕಷ್ಟ ಯಾಕೆ, ಮನೆಯಲ್ಲಿ ಕೂತು ಕಲಿಯಬಹುದಲ್ಲ ಎಂದೆ.

"ಕನ್ನಡಾನೂ ನಾನು ಮದ್ವೆ ಆದ್ಮೇಲೆ ಕಲ್ತಿದ್ದು ಕಣಪ್ಪ. ಹೆಂಗೆ ಕಲ್ತೆ? ನಮ್ಮತ್ತೆ ಬೈದು ಬೈದು ಕಲ್ಸಿದ್ಲು. ಇಂಗ್ಲೀಷಲ್ಲಿ ನನ್ನ ಬೈಯೋರು ಯಾರವ್ರೆ? ಅದುಕ್ಕೆ ಬೆಟ್ಟ ಬೈಲಿ ಅಂತ."

ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಅಕ್ಷರ ಕೂಡಿಸಿಕೊಂಡು ಓದಬಲ್ಲರು. ಹಾಗಾಗಿ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸುವ ಕೆಲಸ ನನಗೆ ಬಂತು. ಮಾತುಗಳನ್ನು ಕೊಡುತ್ತಿದ್ದವರು ಚಾರಣಕ್ಕೆ ಬರುವವರು. ಲೋಟ ಕೈಗಿಡುತ್ತಲೇ ಅಕ್ಕ ಕೇಳುತ್ತಿದ್ದರು, ಕಾಲು ನಡುಗಿದರೆ ನಿಮ್ಮಲ್ಲಿ ಹೇಗೆ ಹೇಳುತ್ತಾರೆ, ಅಲ್ಲಿ ಪಾಚಿಯಿದೆ ಅನ್ನಲು ಏನನ್ನಬೇಕು. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ನಾನಾಗಿ ಮೊದಲ ದಿನ ಬರೆದುಕೊಟ್ಟದ್ದು ಶಾಲೆಯಲ್ಲಿ ಎಲ್ಲರೂ ಕಲಿಯುವ ಸಾಲು, ನನ್ನ ಹೆಸರು ಇಂಥದ್ದು ಎನ್ನುವುದು. ಅವರು ಅದರ ಮೇಲೆ ಗೀಟು ಎಳೆಸಿದರು.

"ನನ್ನೆಸ್ರು ತಗಂಡು ಅವರೇನು ಮಾಡ್ತಾರೆ? ಬೆಟ್ಟದಲ್ಲಿ ಉಪ್ಯೋಗಕ್ಕೆ ಬರೋದು ಬರಿ."

ಬುಡದಲ್ಲಿ ಆಟೋ ನಿಲ್ಲಿಸಿಕೊಂಡಿರುತ್ತಿದ್ದವರಿಗೆ ಇದೊಂದು ತಮಾಷೆ. ಅವರಲ್ಲಿ ಒಬ್ಬ, ನಲವತ್ತು ದಾಟಿದರೂ ಹೆಣ್ಣು ಸಿಗದವನು, ದಿನಾ ಕೆಣಕುತ್ತಿದ್ದ. "ಏನಕ್ಕೋ, ವಿಮಾನ ಹತ್ತೋದು ಯಾವಾಗ?" ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಕ್ಕ ನಿಲ್ಲದೆ, ತಿರುಗದೆ ಉತ್ತರ ಕೊಟ್ಟರು. "ಆಫ್ಟರ್ ಯುವರ್ ವೆಡ್ಡಿಂಗ್." ಅರ್ಥ ಬಿಡಿಸಿ ಹೇಳಿದ್ದು ನಾನು. ಅವನು ಆಮೇಲೆ ಕೆಣಕಲಿಲ್ಲ.

ಇದೆಲ್ಲ ಶುರುವಾದದ್ದು ಯಾಕೆಂದು ಅವರು ತಾವಾಗಿ ಹೇಳಿದ್ದು ಬಹಳ ತಡವಾಗಿ, ಸೌತೆಕಾಯಿ ಹೆಚ್ಚುತ್ತ. ನಾನು ಬರುವ ಹಿಂದಿನ ವರ್ಷದ ಮಾತು. ತುಂತುರು ಬಿದ್ದು ನಿಂತಿತ್ತು. ಹೊರರಾಜ್ಯದ ಒಬ್ಬ ಮೇಲಿನಿಂದ ಇಳಿದು ಬಂದು ಮಜ್ಜಿಗೆ ಕುಡಿದ. ಒಂದು ಪಕ್ಕಕ್ಕೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಇನ್ನೊಂದು ಲೋಟ ಕೇಳುತ್ತಿದ್ದಾನೆ ಎಂದುಕೊಂಡ ಅಕ್ಕ ತಲೆಯಾಡಿಸಿದರು.

"ಎಸ್ ಎಸ್ ಅಂದ್ಬುಟ್ಟೆ. ಅವನು ಕೇಳಿದ್ದು ಆ ಕಡೆಯಿಂದ ಇಳೀಬೋದಾ ಅಂತ. ನಾನು ಲೋಟ ತುಂಬುಸ್ತಾ ಇವ್ನಿ, ಅವನು ಜಾರ್ಕಂಡು ಹೋಗ್ತಾವ್ನೆ."

ಅವನು ಬದುಕಿದ. ಸೊಂಟ ಮುರಿದಿತ್ತು. ನಾಲ್ಕು ಜನ ಹಲಗೆಯ ಮೇಲೆ ಹೊತ್ತಿಳಿಸಿದರು. ಯಾರೂ ಅಕ್ಕನನ್ನು ಒಂದು ಮಾತು ಕೇಳಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ತಮ್ಮ ಎಸ್ಸಿನಿಂದ ಇನ್ನೊಬ್ಬ ಬೀಳಬಾರದು. ಐವತ್ತೆರಡನೇ ವಯಸ್ಸಿನಲ್ಲಿ ಅವರು ಇಂಗ್ಲಿಷಿಗೆ ಕೈ ಹಾಕಿದ್ದು ಇಷ್ಟಕ್ಕೇ.

ಹನ್ನೊಂದು ತಿಂಗಳಲ್ಲಿ ನೋಟ್‌ಬುಕ್ಕು ತುಂಬುತ್ತ ಬಂತು. ಒಂದು ಅಂಶ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರು ಕಲಿಯುತ್ತಿದ್ದುದು ಹತ್ತುವಾಗ. ಇಳಿಯುವಾಗ ಕ್ಯಾನು ಖಾಲಿ, ಎಮ್ಮೆ ಕರೆಯುವ ಹೊತ್ತು, ಬಾಯಿ ಬಿಡದೆ ಓಡಿಬಿಡುತ್ತಿದ್ದರು. ಹಾಗಾಗಿ ನೋಟ್‌ಬುಕ್ಕಿನ ತುಂಬ ಇದ್ದುದು ಹತ್ತುವವರಿಗೆ ಹೇಳುವ ಮಾತು.

ಚಳಿಗಾಲದ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ನಾನು ಮೂರನೇ ಬಾಗಿಲಲ್ಲಿ ಕೂತಿದ್ದೆ. ಮೇಲಿನ ಬಂಡೆಯಲ್ಲಿ, ಪಾದ ಇಡಲು ಕೊರೆದ ಗುಳಿಗಳ ಸಾಲಿನಲ್ಲಿ, ಇಳಿಯುತ್ತಿದ್ದ ಒಬ್ಬ ಯುವತಿ ನಡುವೆಯೇ ಕೂತುಬಿಟ್ಟಳು. ಬೆನ್ನು ಬಂಡೆಗೆ, ಮುಖ ಬಯಲಿಗೆ. ಆ ಜಾಗದಲ್ಲಿ ಹಿಡಿಯಲು ಕಂಬಿಯಿರಲಿಲ್ಲ. ಎರಡೂ ಅಂಗೈ ಕಲ್ಲಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಆಗಲೇ ಇಳಿದು ನಮ್ಮ ಬಳಿ ನಿಂತಿದ್ದ ಅವಳ ಗೆಳತಿ ಅಳತೊಡಗಿದಳು. ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ.

ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಏಜೆನ್ಸಿ ಸುದ್ದಿಗಳನ್ನು ಕನ್ನಡಕ್ಕೆ ತಿರುಗಿಸಿಯೇ ನಾನು ಕೆಲಸ ಕಲಿತವನು. ಆ ಹೊತ್ತಿಗೆ ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಅದನ್ನು ಇಲ್ಲಿ ದಾಖಲಿಸಲೇಬೇಕು.

ಅಕ್ಕ ಲೋಟ ಕೆಳಗಿಟ್ಟು ಎದ್ದರು. ನಾಲ್ಕು ಗುಳಿ ಹತ್ತಿ ನಿಂತು ನನ್ನ ಕಡೆ ತಿರುಗಿದರು.

"ಪೇಪರ್‌ನೋರೆ, ಇಳಿಯೋಕೆ ನಮ್ಮತ್ರ ಮಾತೇ ಇಲ್ವಲ್ಲ."

ಅಷ್ಟು ಹೇಳಿ ಒಂದು ಕ್ಷಣ ಬಂಡೆ ನೋಡಿದರು. ಆಮೇಲೆ ಆ ಹುಡುಗಿಯ ಕಾಲ ಬಳಿಗೆ ಹೋಗಿ, ಅವಳ ಮೊಣಕಾಲು ಹಿಡಿದು, ನಿಧಾನವಾಗಿ ಅವಳನ್ನು ಬಂಡೆಯ ಕಡೆಗೆ ತಿರುಗಿಸಿದರು. "ಟರ್ನ್. ಸ್ಲೋ. ಲುಕ್ ಅಟ್ ದ ರಾಕ್." ಹತ್ತುವವರು ನಿಲ್ಲುವ ಹಾಗೆ ನಿಲ್ಲಿಸಿದರು. ಹಾಗೆ ನಿಂತ ಮೇಲೆ ಹತ್ತುವ ಮಾತೆಲ್ಲ ಕೆಲಸಕ್ಕೆ ಬಂತು. ನೋಟ್‌ಬುಕ್ಕಿನಲ್ಲಿ ಬಾಗಿಲಿನ ಐದನೆಯದಾಗಿದ್ದ ಮಾತು ಈಗ ಮೊದಲು ಬಂತು, ಅದರ ಹಿಂದೆ ನಾಲ್ಕನೆಯದು. ಕೊನೆಯಿಂದ ಮೊದಲಿಗೆ ಪಾಠ ಒಪ್ಪಿಸುತ್ತ, ತಾವು ಒಂದು ಗುಳಿ ಕೆಳಗಿದ್ದುಕೊಂಡು, ಅವಳ ಪಾದವನ್ನು ಕೈಯಾರೆ ಎತ್ತಿ ಗುಳಿಗೆ ಇಡುತ್ತ ಇಳಿಸಿದರು. ಕಾಲು ಇಲ್ಲಿಡು. ಸರಿ. ಈಗ ಇನ್ನೊಂದು ಕಾಲು. ಉಸಿರು ಬಿಡು. ಎಲ್ಲ ಇಂಗ್ಲಿಷಿನಲ್ಲಿ, ಎಮ್ಮೆ ಕರೆಯುವಾಗಿನ ಅದೇ ಸಮಾಧಾನದ ದನಿಯಲ್ಲಿ.

ಅರ್ಧ ದಾರಿಯಲ್ಲಿ ಹುಡುಗಿ ಮತ್ತೆ ಬೆದರಿದಳು. ಆಗ ಹೇಳಬೇಕಾದ ಮಾತು ನೋಟ್‌ಬುಕ್ಕಿನಲ್ಲಿತ್ತು. ನಾನೇ ಬರೆದದ್ದು. ಕೆಳಗೆ ನೋಡಬೇಡ, ನನ್ನನ್ನು ನೋಡು. ಅಕ್ಕ "ಡೋಂಟ್ ಲುಕ್ ಡೌನ್" ಅಂದರು. ಅಲ್ಲಿಗೆ ನಿಲ್ಲಿಸಿದರು. ಕೆಳಗಿನಿಂದ ಹತ್ತಿ ಬರುವವರಿಗೆ ಅವರು ಮೇಲಿರುತ್ತಿದ್ದರು, ಈಗ ಕೆಳಗಿದ್ದರು. ನನ್ನನ್ನು ನೋಡು ಅಂದರೆ ಆ ಹುಡುಗಿ ನೋಡುವುದು ಪಾತಾಳವನ್ನು.

"ಲಿಸನ್ ಟು ಮಿ," ಅಂದರು ಅಕ್ಕ. "ಐ ಆ್ಯಮ್ ಹಿಯರ್. ಲಿಸನ್."

ಹುಡುಗಿ ಹಣೆಯನ್ನು ಕಲ್ಲಿಗೆ ಆನಿಸಿದಳು. ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ, ಪಾದಗಳನ್ನು ಅವರ ಕೈಗೆ ಬಿಟ್ಟಳು. ಇಪ್ಪತ್ತು ನಿಮಿಷದಲ್ಲಿ ಇಬ್ಬರೂ ಮೂರನೇ ಬಾಗಿಲಲ್ಲಿದ್ದರು. ಅಕ್ಕ ಅವಳಿಗೆ ಮಜ್ಜಿಗೆ ಕೊಟ್ಟು, ಉಪ್ಪು ಸಾಕೇ ಎಂದು ಇಂಗ್ಲಿಷಿನಲ್ಲೇ ಕೇಳಿದರು.

ಅಂದು ನೋಟ್‌ಬುಕ್ಕನ್ನು ಮನೆಗೆ ತಂದು ಮೊದಲ ಪುಟದಿಂದ ಕೊನೆಯವರೆಗೆ ತಿರುವಿದೆ. ನನ್ನನ್ನು ಕೇಳಿಸಿಕೋ ಎಂಬ ಮಾತು ಎಲ್ಲೂ ಇರಲಿಲ್ಲ. ಯಾರೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಬಂಡೆಯ ನಡುವೆ, ಒಂದು ಜೀವ ಕೈಯಲ್ಲಿರುವಾಗ, ಅವರೇ ಕಟ್ಟಿದ್ದರು. ವರದಿಗಾರನಾಗಿ ನಾನು ಅನೇಕ ಸಾಧನೆಗಳನ್ನು ಬರೆದಿದ್ದೇನೆ. ಇದರ ಮುಂದೆ ಈಗಲೂ ಪೆನ್ನು ತಡೆಯುತ್ತದೆ.

ಮರುದಿನ ಸುದ್ದಿ ಮಾಡುತ್ತೇನೆ ಎಂದೆ. ಬೇಡವೆಂದರು. "ಬರುದ್ರೆ ಜನ ನನ್ನ ನೋಡ್ಕಂಡು ಹತ್ತಾರೆ. ಅವರು ಕಾಲು ನೋಡ್ಕಂಡು ಹತ್ಬೇಕು." ಅಷ್ಟು ಹೇಳಿ ಹೊಸ ನೋಟ್‌ಬುಕ್ಕು ಮುಂದಿಟ್ಟರು. ಇಳಿಯುವ ಮಾತುಗಳಿಗೆ. ಅಂದಿನಿಂದ ಇಳಿಯುವಾಗಲೂ ಬಾಗಿಲಿಗೆ ಐದು. ತಪ್ಪಿದರೆ ಮೇಲಿನ ಬಾಗಿಲಿಗೆ ವಾಪಸು ಹತ್ತಬೇಕು. ಎಮ್ಮೆಗಳು ಕಾದು ಅರಚುತ್ತಿದ್ದವು.

ಆಮೇಲೆ ನಾಲ್ಕು ವರ್ಷ ಅವರು ಹೀಗೆ ಹತ್ತಿಳಿದರು. ಕೊನೆಯ ಹೊತ್ತಿಗೆ ಅವರ ಬಾಯಲ್ಲಿ ಇಂಗ್ಲಿಷು ಕನ್ನಡದಷ್ಟೇ ಸಲೀಸಾಗಿ ಬರುತ್ತಿತ್ತು. ಚಾರಣಿಗರೊಂದಿಗೆ ಮಳೆ, ಮಕ್ಕಳು, ಮಂಡಿನೋವು ಎಲ್ಲ ಮಾತಾಡುತ್ತಿದ್ದರು. ಹೋದ ವರ್ಷ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಹತ್ತಿರದ ಪುರವರಕ್ಕೆ ಮದುವೆ ಮಾಡಿ ಕೊಟ್ಟಿದ್ದ ಮಗಳು ಬಂದು ಎಮ್ಮೆಗಳನ್ನು ಹೊಡೆದುಕೊಂಡು ಹೋದಳು. ನೋಟ್‌ಬುಕ್ಕುಗಳನ್ನು ನನ್ನ ಕೈಗಿಟ್ಟು, ಇವನ್ನು ನಿಮಗೇ ಕೊಡಬೇಕೆಂದು ಅಮ್ಮ ಹೇಳಿದ್ದಳು ಎಂದಳು.

ಆ ಭಾನುವಾರ ಬಾಯಿ ಕಟ್ಟಿ ನಿಂತವನು ನಾನು. ಈಗ ಪತ್ರಿಕಾಗೋಷ್ಠಿಗಳಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತೇನೆ, ಉತ್ತರ ತಿರುಚಿದರೆ ಮತ್ತೆ ಕೇಳುತ್ತೇನೆ. ಅದು ಬಂದದ್ದು ಈ ಬಾಗಿಲುಗಳಿಂದ. ಬೆಳಿಗ್ಗೆ ಆರಕ್ಕೆ ನಾನೂ ಬಾಗಿಲಿಗೆ ಐದು ಮಾತು ಒಪ್ಪಿಸುತ್ತ ಹತ್ತುತ್ತೇನೆ, ಹೆಗಲಿಗೆ ಹತ್ತು ಲೀಟರ್ ನೀರಿನ ಕ್ಯಾನು. ಮೂರನೇ ಬಾಗಿಲಲ್ಲಿ ಬಾಯಾರಿದವರು ಕುಡಿಯಲಿ ಎಂದು ಅದನ್ನು ಇಟ್ಟು ಬರುತ್ತೇನೆ. ಹೋದ ವಾರ ಮೂರನೇ ಬಾಗಿಲ ಮುಂದೆ ನಾಲ್ಕನೆಯ ಮಾತು ತಪ್ಪಿತು. ಸುತ್ತ ಯಾರೂ ಇರಲಿಲ್ಲ. ಅವರು ಕೂರುತ್ತಿದ್ದ ನೆರಳು ಮೂರು ಹೆಜ್ಜೆ ಮುಂದಿತ್ತು.

ಕ್ಯಾನು ಕೆಳಗಿಡದೆ ಎರಡನೇ ಬಾಗಿಲಿಗೆ ಇಳಿದೆ.