ಹತ್ತನೇ ಮೈಲಿಯ ನೀರಿನ ತೊಟ್ಟಿ

ರೋಹಿದಾಸನಿಗೆ ರೈಲಿನ ಮೇಲೆ ಪ್ರೀತಿ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಅವನಿಗೆ ಬೇಕಾದದ್ದು ಗೆರೆ. ಹೊರಟಲ್ಲಿಂದ ಮುಟ್ಟುವಲ್ಲಿಯವರೆಗೆ ಲೆಕ್ಕ ತಪ್ಪದೆ ಹೋಗುವ ಗೆರೆ. ಮೂಲ್ಕಿಯಿಂದ ಬಂದವನು ಇಪ್ಪತ್ತಾರು ವರ್ಷಗಳಿಂದ ಕುವೈತಿನ ಸಬ್ಹಾನಿನ ಕಚೇರಿಯೊಂದರಲ್ಲಿ ಪೈಪ್‌ಲೈನುಗಳ ನಕ್ಷೆ ಬರೆಯುತ್ತಿದ್ದಾನೆ. ಎರಡು ವರ್ಷದ ಹಿಂದೆ ಅಮೆರಿಕದ ಹಳೆಯ ರೈಲು ನಕ್ಷೆಯೊಂದು ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿದ್ದದ್ದೇ ತಡ, ಅವನ ಶುಕ್ರವಾರದ ರಜೆಗಳೆಲ್ಲ ಅದರ ಪಾಲಾದವು.

ಅಲ್ಲಿನ ರೈಲು ಕಂಪನಿಗಳೇನು ಸಾಮಾನ್ಯವೇ? 1840ರ ಸುಮಾರಿಗೆ ಊರಿಗೊಂದು ಕಂಪನಿ, ಒಬ್ಬರ ಹಳಿಯ ಅಗಲ ಇನ್ನೊಬ್ಬರಿಗಿಲ್ಲ. ನಕ್ಷೆಯಲ್ಲಿ ತಮ್ಮ ದಾರಿಯನ್ನು ದಾರ ಹಿಡಿದಂತೆ ನೇರ ಎಳೆದು, ಎದುರಾಳಿಯದನ್ನು ಹಾವಿನ ಹಾಗೆ ಬರೆಯುವವರೂ ಇದ್ದರು.

"ಸುಳ್ಳನ್ನೂ ಸ್ಕೇಲ್ ಹಿಡಿದು ಹೇಳಿದ್ದಾರೆ, ನೋಡು ಮಾರಾಯ್ತಿ!" ಎಂದು ರೋಹಿದಾಸ ಹೆಂಡತಿ ಉಮಾವತಿಯನ್ನು ಅಡುಗೆಮನೆಯಿಂದ ಎಳೆದು ತರುತ್ತಿದ್ದ.

ಅವನು ಆರಿಸಿಕೊಂಡದ್ದು ಪೆನ್ಸಿಲ್ವೇನಿಯಾದ ಇಪ್ಪತ್ಮೂರು ಮೈಲಿಯ ಒಂದು ಕಲ್ಲಿದ್ದಲಿನ ಲೈನು. ಹಳಿ ಕಿತ್ತು ನೂರು ವರ್ಷವಾಗಿದೆ. ಅಂದಿನ ಇಂಜಿನಿಯರ್ ಬರೆದಿಟ್ಟ ದೂರಗಳನ್ನು ಹಿಡಿದು, ಇಂದಿನ ಭೂಪಟದ ಮೇಲೆ ಆ ದಾರಿಯನ್ನು ಅವನು ಮತ್ತೆ ಗುರುತಿಸಿದ್ದ. ಅಲ್ಲಿನ ಇತಿಹಾಸ ಕೂಟವೊಂದು ಅದನ್ನು ಪುಸ್ತಕದಲ್ಲಿ ಹಾಕಲು ಒಪ್ಪಿತ್ತು. ಆದರೆ ಕೂಟದ ಕಾರ್ಯದರ್ಶಿ ಹೆಲೆನ್ ಕರಡು ನೋಡಿ ಖಡಕ್ಕಾಗಿ ಬರೆದಿದ್ದಳು: ಉಗಿ ಇಂಜಿನ್ನಿಗೆ ನೀರು ತುಂಬಿಸುವ ತೊಟ್ಟಿ ತಪ್ಪು ಜಾಗದಲ್ಲಿದೆ, ಶುಕ್ರವಾರ ಕುವೈತಿನ ನಾಲ್ಕು ಗಂಟೆಯೊಳಗೆ ಸರಿಯಾಗದಿದ್ದರೆ ನಕ್ಷೆ ಪುಸ್ತಕದಲ್ಲಿ ಇರುವುದಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಎರಡೂವರೆ. ಅಬು ಹಲೀಫಾದ ಫ್ಲ್ಯಾಟಿನಲ್ಲಿ ರೋಹಿದಾಸ ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದ. ಅವನು ತೊಟ್ಟಿ ಗುರುತಿಸಿದ್ದ ಹದಿನೈದನೇ ಮೈಲಿಯಲ್ಲಿ ಬರೀ ಬೋಳು ಗುಡ್ಡ.

"ಇಂಜಿನ್ನು ಗುಡ್ಡ ಹತ್ತಿ ನೀರು ಕುಡಿಯಿತಾ? ಅದೆಂತ ಆಡು-ಕುರಿಯಾ?" ಎಂದಳು ಉಮಾವತಿ.

"ತಮಾಷೆ ಸಾಕು. ನೀನು ನೋಟ್‌ಬುಕ್ ಓದು, ನಾನು ತಾಳೆ ನೋಡ್ತೇನೆ."

ಇಂಜಿನಿಯರನ ದೂರಗಳನ್ನು ಅವನು ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದು ಕನ್ನಡ ಅಂಕಿಗಳಲ್ಲಿ. ಕಚೇರಿಯಲ್ಲಿ ತಿಂಗಳುಗಟ್ಟಲೆ ಅರಬಿ ಲಿಪಿಯ ಅಂಕಿಗಳ ಪಟ್ಟಿ ಟೈಪ್ ಮಾಡುತ್ತಿದ್ದವನು, ಎರಡೂ ಬೆರೆಯಬಾರದೆಂದು ಮನೆಯಲ್ಲಿ ಮಾಡುವ ಈ ಲೆಕ್ಕವನ್ನು ಶಾಲೆಯಲ್ಲಿ ಕಲಿತ ಹಾಗೆ ಬರೆದುಕೊಂಡಿದ್ದ. ಉಮಾವತಿಯೋ, ಕಳೆದ ವರ್ಷದವರೆಗೂ ಮೂಲ್ಕಿಯಲ್ಲಿ ಮಕ್ಕಳಿಗೆ ಗಣಿತ ಕಲಿಸಿ ಬಂದವಳು.

"ನೀರಿನ ತೊಟ್ಟಿ, ಹತ್ತು," ಎಂದು ಓದಿದಳು.

"ಹದಿನೈದು."

"ಹತ್ತು, ಮಾರಾಯ್ರೆ. ಒಂದರ ಪಕ್ಕ ಸೊನ್ನೆ."

"ಸೊನ್ನೆ ಎಲ್ಲಿ? ಅದು ಐದು!"

"ಇದು ಐದಾ? ನನ್ನ ಕ್ಲಾಸಿನಲ್ಲಿ ಹೀಗೆ ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

ರೋಹಿದಾಸ ನೋಟ್‌ಬುಕ್ ಕಸಿದುಕೊಂಡ. ಕನ್ನಡದ ಸೊನ್ನೆ ಒಂದು ಉಂಗುರ. ಅರಬಿಯ ಐದೂ ಒಂದು ಉಂಗುರವೇ. ಬರೆದ ಕೈ ಮೂಲ್ಕಿಯದು, ಓದಿದ ಕಣ್ಣು ಕುವೈತಿನದು!

ಕಂಪ್ಯೂಟರಿನಲ್ಲಿ ಹತ್ತು ಎಂದು ಒತ್ತಿದ. ತೊಟ್ಟಿ ಗುಡ್ಡದಿಂದ ಇಳಿದು ಸರಿಯಾಗಿ ಒಂದು ಹೊಳೆಯ ದಡದಲ್ಲಿ ನಿಂತಿತು.

"ಉಮಾ! ನೀರು! ನೀರು ಉಂಟು!"

"ಕುಣಿಯುವುದು ಆಮೇಲೆ. ಇಂಥ ಸೊನ್ನೆ ಇನ್ನೆಷ್ಟು ಉಂಟು?"

ಹನ್ನೊಂದು ಇದ್ದವು. ಅವಳು ಉಕ್ತಲೇಖನ ಕೊಡುವ ದನಿಯಲ್ಲಿ ಓದುತ್ತಾ ಹೋದಳು, ಅವನು ಒತ್ತುತ್ತಾ ಹೋದ. ಅರ್ಥವಿಲ್ಲದೆ ಸೊಟ್ಟಗಾಗಿದ್ದ ತಿರುವುಗಳು ಒಂದೊಂದೇ ಕಣಿವೆಗೆ ಬಂದು ಕೂತವು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಗೆರೆ ಕೊನೆಯ ನಿಲ್ದಾಣ ಮುಟ್ಟಿತು. ಇನ್ನೊಬ್ಬರು ಪರಿಶೀಲಿಸದ ಅಂತಿಮ ನಕ್ಷೆಯನ್ನು ಅವನು ಹುಟ್ಟಿದಂದಿನಿಂದ ಕಳಿಸಿದವನಲ್ಲ; ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬ ಚೌಕದಲ್ಲಿ ಹೆಂಡತಿಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ.

"ಸ್ಪೆಲ್ಲಿಂಗ್ ತಪ್ಪು," ಎಂದಳು ಅವಳು. ತಿದ್ದಿ ಕಳಿಸಿದ.

ಏಳು ನಿಮಿಷಕ್ಕೆ ಹೆಲೆನ್ನಳ ಉತ್ತರ ಬಂತು: ಹೊಳೆ ಒಪ್ಪಿಗೆ. ನಕ್ಷೆ ಮೂವತ್ತೊಂದನೇ ಪುಟದಲ್ಲಿ.

ರೋಹಿದಾಸ ಕೂಗಿದ ಕೂಗಿಗೆ ಎದುರು ಫ್ಲ್ಯಾಟಿನ ಕಾಸಿಂ ಕುಂಞಿ ಓಡಿಬಂದು ಬಾಗಿಲು ಬಡಿದ.

"ಎಂತ ಭಾಯಿ, ಇಂಡಿಯಾ ಗೆದ್ದಿತಾ?"

"ಇಲ್ಲ ಭಾಯಿ, ಇಂಜಿನ್ನಿಗೆ ನೀರು ಸಿಕ್ಕಿತು!"