ತಿಗನಾರೆಯ ಬೆಚ್ಚಗಿನ ಪೆಟ್ಟಿಗೆ

ಬೆಳಗಿನ ಐದೂಕಾಲು. ತಮಿಳು ಗಡಿಯ ತಿಗನಾರೆಯ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿಲ್ಲ. ಶಿವರಂಜನಿ ಸುಣ್ಣದ ನೀರಿನಲ್ಲಿ ಕಾಲು ಅದ್ದಿ ಹುಳು ಮನೆಯೊಳಗೆ ಬರುತ್ತಾಳೆ. ಕೈಯಲ್ಲಿ ಕೋಳಿಯ ಗರಿ. ತಟ್ಟೆಯ ಮೂಲೆಯಲ್ಲಿ ಗುಂಪುಗಟ್ಟಿದ ರೇಷ್ಮೆ ಮರಿಗಳನ್ನು ಗರಿಯ ತುದಿಯಿಂದ ಸವರಿ ಹರಡುತ್ತಾಳೆ. ಒಂದೊಂದೂ ಎಳ್ಳಿಗಿಂತ ತುಸು ಉದ್ದ, ಅಷ್ಟೆ. ಅತ್ತೆ ಶಾಂತಮಲ್ಲಮ್ಮ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಮೇಲೆ ಉದುರಿಸುತ್ತಾರೆ. ದಿನದ ಮೊದಲ ಸೊಪ್ಪು ಹಾಕುವಾಗ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಹಾಗಂತ ಮನೆ ನಿಶ್ಶಬ್ದವಾಗಿಲ್ಲ. ಗೋಡೆಯಾಚೆ ಒಂದು ಪೆಟ್ಟಿಗೆ ಒಂದೇ ಸಮನೆ ಗುಂಯ್ ಎನ್ನುತ್ತಿದೆ. ಅದರ ಬಾಯಿಗೆ ಸಿಕ್ಕಿಸಿದ ತಗಡಿನ ಕೊಳವೆ ಗೋಡೆ ತೂರಿ ಬಂದು ಬಿಸಿಗಾಳಿ ಬಿಡುತ್ತಿದೆ. ಗಾಳಿ ಒಣಗದಿರಲೆಂದು ಮುಂದೆ ಒದ್ದೆ ಗೋಣಿತಾಟು ತೂಗುಬಿಟ್ಟಿದ್ದಾರೆ. ಪೆಟ್ಟಿಗೆಯ ಹಣೆಗೆ ಮೂರು ಗೆರೆ ವಿಭೂತಿ.

ಅದು ಬಿಟ್‌ಕಾಯಿನ್ ಗಣಿಗಾರಿಕೆಯ ಹಳೆಯ ಯಂತ್ರ. ಶಿವರಂಜನಿ ಗೆಟ್ಟವಾಡಿಯ ಹುಡುಗಿ. ಒಂಬತ್ತನೇ ತರಗತಿಗೆ ಓದು ನಿಲ್ಲಿಸಿ, ದಿನವೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕೆಲಸ ಕಲಿತಳು. ಕೊರೋನಾ ಕಾಲದಲ್ಲಿ ಅಂಗಡಿ ಮುಚ್ಚಿತು. ಯಾರಿಗೂ ಬೇಡವಾಗಿ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಮಾಲೀಕರು ಅವಳಿಗೆ ಕೊಟ್ಟರು. ಮರುವರ್ಷ ಮದುವೆಯಾಗಿ ತಿಗನಾರೆಗೆ ಬಂದಾಗ ಸೀರೆಯ ಟ್ರಂಕಿನ ಜೊತೆ ಅದೂ ಬಂತು.

“ಹೊಸ ಹೆಣ್ಣು ಏನ್ ತಂದವ್ಳೆ ಅಂತ ಊರೇ ಬಂತು. ದೊಡ್ಡ ಮಿಕ್ಸಿ ಅಂದ್ಕಂಡ್ರು. ಚಟ್ನಿ ರುಬ್ಬು ನೋಡವ ಅಂದ್ರು” ಎಂದು ನಗುತ್ತಾಳೆ.

ಪೆಟ್ಟಿಗೆಯ ಕೆಲಸವೇನೆಂದು ಕೇಳಿದವರಿಗೆಲ್ಲ ಅವಳು ಹೇಳುವುದು ಒಂದೇ ಬಾವಿಯ ಕತೆ. “ಲೋಕಕ್ಕೆಲ್ಲ ಒಂದೇ ಬಾವಿ ಅನ್ಕಳಿ. ಎಷ್ಟ್ ಜನ ಸೇದುದ್ರೂ ಅತ್ತು ನಿಮಿಷಕ್ಕ ಒಂದೇ ಬಿಂದಿಗ ಮೇಲಕ್ಕ ಬರ್ಬೇಕು, ಅದು ಕಟ್ಟಳ. ಸೇದೋರು ಎಚ್ಚಾದ್ರ ಬಾವಿ ಆಳ ಆಯ್ತದ. ಬುಟ್ಟೋದ್ರ ಮೇಲಕ್ಕ ಬತ್ತದ. ಅದಿನೈದು ದಿನಕ್ಕೊಂದ್ಸಲ ಅಳತ ಬದಲಾಯ್ತದ.” ಒಬ್ಬಳೇ ಸೇದಿದರೆ ಜನ್ಮವಿಡೀ ಒಂದು ಬಿಂದಿಗೆಯೂ ಬಾರದು. ಹಾಗಾಗಿ ಸಾವಿರಾರು ಜನರ ಗುಂಪೊಂದಕ್ಕೆ ಸೇರಿದ್ದಾಳೆ. ಗುಂಪಿಗೆ ಬಂದ ಬಿಟ್‌ಕಾಯಿನ್‌ನಲ್ಲಿ ದುಡಿಮೆಗೆ ತಕ್ಕ ಪಾಲು ಅವಳಿಗೆ.

ಬಾವಿಯ ಆಳದ ಆ ಅಳತೆಗೆ ‘ಕಷ್ಟ’ ಎಂದೇ ಹೆಸರು. ಹುಳು ಮನೆಯ ಗೋಡೆಯಲ್ಲಿ ಮೊಟ್ಟೆ ಒಡೆದ ತಾರೀಖುಗಳ ಪಕ್ಕದಲ್ಲೇ ಅವಳು ಇದ್ದಿಲಿನಿಂದ ಅದನ್ನೂ ಬರೆದಿಡುತ್ತಾಳೆ. 2021ರ ಆರಂಭದಲ್ಲಿ ಅದು ಇಪ್ಪತ್ತು ಲಕ್ಷ ಕೋಟಿ. ಅಷ್ಟು ಸೊನ್ನೆಗಳಿಗೆ ಗೋಡೆ ಸಾಲದು, ಬರಿಯ ಇಪ್ಪತ್ತು ಎಂದು ಬರೆದಿದ್ದಾಳೆ. ಬೇಸಿಗೆಗೆ ಇಪ್ಪತ್ತೈದು. ಆಷಾಢದ ಹೊತ್ತಿಗೆ ಧಡಾರನೆ ಹದಿನಾಲ್ಕು. ಅವಳ ಪಾಲು ಒಂದೂವರೆ ಪಟ್ಟಿಗೂ ಮೇಲಾಯಿತು.

ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಶಾಂತಮಲ್ಲಮ್ಮನವರಿಗೆ ಮಾತ್ರ ತಿಳಿಯಿತು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಮೇಯುವುದಿಲ್ಲ, ತಲೆಯೆತ್ತಿ ಒಂದು ದಿನ ಅಲುಗಾಡದೆ ಇರುತ್ತದೆ. ಪೊರೆ ಕಳಚಿ ಎದ್ದ ಮೇಲೆ ಮೊದಲಿಗಿಂತ ಜಾಸ್ತಿ ಮೇಯುತ್ತದೆ. “ಪೆಟ್ಟಿಗ ಜ್ವರ ಎದ್ದದ ಕಣವ್ವ” ಎಂದರು ಅತ್ತೆ. ಸೊಸೆ ನಂಬಿದಳು. ಅಂದಿನಿಂದ ಅಳತೆ ಬದಲಾದಾಗಲೆಲ್ಲ ಒಂದು ದಿನ ಯಂತ್ರ ನಿಲ್ಲಿಸಿ, ಮೇಲೆ ಟವೆಲು ಹೊದಿಸಿ ಜ್ವರಕ್ಕೆ ಕೂರಿಸುವುದು ರೂಢಿಯಾಯಿತು.

ಆ ಕಾರ್ತಿಕದಲ್ಲಿ ಮನೆ ಯಾಕೋ ಬೆಚ್ಚಗಿದೆಯೆಂದು, ಚಳಿಗೆ ಮರಿಗಳನ್ನು ಕಾಯಿಸುವ ಇದ್ದಿಲ ಬಾಣಲೆ ಇಟ್ಟಿರಲಿಲ್ಲ. ಮರಿಗಳು ಚೆನ್ನಾಗಿ ಮೇಯುತ್ತಿದ್ದವು. ಅಳತೆ ಬದಲಾಯಿತು, ಪೆಟ್ಟಿಗೆಯನ್ನು ಜ್ವರಕ್ಕೆ ಕೂರಿಸಿದರು. ಸಂಜೆಗೆ ಉಷ್ಣಮಾಪಕ ಇಪ್ಪತ್ತಕ್ಕೆ ಇಳಿದಿತ್ತು. ಸೊಪ್ಪು ಹಾಕಿದಂತೆಯೇ ಬಿದ್ದಿತ್ತು. ಮೂರರಲ್ಲಿ ಒಂದು ಪಾಲು ಮರಿ ಸತ್ತವು. ಗಾಬರಿಯಲ್ಲಿ ಶಿವರಂಜನಿ ಪೆಟ್ಟಿಗೆ ಚಾಲೂ ಮಾಡಿದಳು. ಗೋಡೆಯ ಸಂದಿಯಿಂದ ಬಿಸಿ ಬಂತು. ಮಾಪಕ ನಿಧಾನವಾಗಿ ಇಪ್ಪತ್ತಾರಕ್ಕೆ ಹತ್ತಿತು.

“ಅವತ್ತು ಗೊತ್ತಾಯ್ತು, ಮನ ಕಾಯ್ತಿದ್ದದ್ದು ಇದು ಅಂತ. ಜ್ವರನೂ ಇಲ್ಲ, ಮಣ್ಣೂ ಇಲ್ಲ” ಎನ್ನುತ್ತಾಳೆ. ಆಮೇಲೆ ಫೋನಿನಲ್ಲಿ ತಮಿಳು ವಿಡಿಯೊ ನೋಡಿದಾಗ ಆಷಾಢದ ಗುಟ್ಟೂ ತಿಳಿಯಿತು. ಆ ಬೇಸಿಗೆ ಚೀನಾದವರು ಯಂತ್ರ ನಿಲ್ಲಿಸಿದ್ದರು, ಬಾವಿ ಮೇಲೆ ಬಂದಿತ್ತು. ಗಂಡ ವೃಷಭೇಂದ್ರ ತಗಡು ತಂದು ಕೊಳವೆ ಬಡಿದುಕೊಟ್ಟ. ಇದ್ದಿಲ ಬಾಣಲೆ ಅಟ್ಟ ಸೇರಿತು.

ಈ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಇಪ್ಪತ್ತೆರಡು ವರ್ಷ ಶಾಂತಮಲ್ಲಮ್ಮ ಚಳಿಗಾಲವಿಡೀ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಮುಂದೆ ಕೂತವರು. ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹೊಡೆಯುತ್ತದೆ. ಇನ್ನು ಹೊಗೆ ಕುಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಆದರೂ ಬಾಣಲೆಯನ್ನು ಬೇರೆಯವರ ಕೈಗೆ ಕೊಡುವವರಲ್ಲ. “ನಿಂಗ ಬೂದಿ ಮುಚ್ಚಕ್ಕ ಬರಲ್ಲ, ಓಗು” ಎಂದು ಸೊಸೆಯನ್ನು ಎಬ್ಬಿಸಿಬಿಡುತ್ತಿದ್ದರು. ಪೆಟ್ಟಿಗೆ ಬಂದ ಮೇಲಿನ ನಾಲ್ಕು ಚಳಿಗಾಲ ಅವರಿಗೆ ಉಬ್ಬಸ ಬಂದಿಲ್ಲ.

ಈಗ ಒಂದು ಸಲಕ್ಕೆ ಮುನ್ನೂರು ಮೊಟ್ಟೆ ಗೊಂಚಲು ಮರಿಯಾಗುತ್ತವೆ, ಹೆಚ್ಚುಕಡಿಮೆ ಒಂದೂಕಾಲು ಲಕ್ಷ ಹುಳು. ದಿನಕ್ಕೆ ನಾಲ್ಕು ಸಲ ಸೊಪ್ಪು. ಎರಡನೇ ಜ್ವರ ಎದ್ದ ಮೇಲೆ ಅಕ್ಕಪಕ್ಕದ ಸಾಕಣೆಗಾರರು ಬಂದು ಮರಿ ಕೊಂಡೊಯ್ಯುತ್ತಾರೆ. ಯಂತ್ರದೊಳಗಿನ ಮೂರು ಸರ್ಕ್ಯೂಟ್ ಹಲಗೆಗಳಲ್ಲಿ ಎರಡು ಸತ್ತಿವೆ. ಉಳಿದೊಂದು ದಿನಕ್ಕೆ ಹತ್ತು ಯೂನಿಟ್ ಕರೆಂಟು ತಿನ್ನುತ್ತದೆ. ಮೊದಲು ಕರೆಂಟಿನ ಖರ್ಚಿನ ಬಹುಪಾಲು ಅದೇ ದುಡಿದುಕೊಡುತ್ತಿತ್ತು. ಈಗ ಅದರ ಪಾಲು ತನ್ನ ಫ್ಯಾನಿಗೂ ಸಾಲದು.

ಪಕ್ಕದ ಮನೆಯ ಸೆಲ್ವಿ ಮರಿ ನೋಡಲು ಬಂದವಳು ಕೆಣಕುತ್ತಾಳೆ. “ಏನಕ್ಕ, ಬಿಂದಿಗ ತುಂಬ್ತಾ? ಹೊಲದ ಬೋರ್ ಕರೆಂಟು ಬಿಟ್ಟಿ ಬತ್ತದಲ್ಲ, ಅದ್ಕ ಸಿಕ್ಕ್ಸು.”

“ಅದು ಸೊಪ್ಪಿಗ ಕೊಟ್ಟಿರೋದು ಕಣಮ್ಮಿ. ಪೆಟ್ಟಿಗಗಲ್ಲ” ಎನ್ನುತ್ತಾಳೆ ಶಿವರಂಜನಿ.

ಬಿಲ್ಲು ಕಟ್ಟುವವನು ವೃಷಭೇಂದ್ರ. ಸಿಟ್ಟಿನವನಲ್ಲ, ಲೆಕ್ಕದವನು. ಕಷ್ಟ ನೂರೈವತ್ತು ದಾಟಿದರೆ ಯಂತ್ರ ನಿಲ್ಲಿಸಿ ಮತ್ತೆ ಇದ್ದಿಲಿಗೆ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅವಳು ಹ್ಞೂಂ ಎಂದಾಗ ಗೋಡೆಯ ಮೇಲಿದ್ದದ್ದು ನೂರಹತ್ತು. ಅಷ್ಟು ದೂರ ಹೋಗಲಾರದು ಎಂದುಕೊಂಡಿದ್ದಳು.

ಈ ವರ್ಷ ಆಯುಧಪೂಜೆಯ ದಿನವೇ ಅದು ನೂರೈವತ್ತನ್ನು ದಾಟಿತು. ಹೂ ಮುಡಿಸಿದ ಪೆಟ್ಟಿಗೆಯನ್ನು ಅಂದು ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಮುಂದಿನ ಪಕ್ಷದಲ್ಲಿ ನೂರ ನಲವತ್ತೇಳಕ್ಕೆ ಇಳಿಯಿತು. “ಬದುಕ್ತು” ಎಂದು ಶಿವರಂಜನಿ ಅತ್ತೆಗೆ ಅಡುಗೆ ಮನೆಯಲ್ಲಿ ಮೆಲ್ಲಗೆ ಹೇಳಿದಳು.

ದೀಪಾವಳಿ ಕಳೆದ ಮರುವಾರದ ಬೆಳಿಗ್ಗೆ ಇದು. ಮೊದಲ ಸೊಪ್ಪು ಮುಗಿಸಿ ಹೊರಬಂದು ಫೋನು ನೋಡುತ್ತಾಳೆ. ನೂರ ಐವತ್ತಾರು. ಮತ್ತೊಮ್ಮೆ ನೋಡುತ್ತಾಳೆ. ಒಳಗೆ ಹೋಗಿ ಗೋಡೆಯಲ್ಲಿ ಬರೆದು ಬರುತ್ತಾಳೆ. ಬರೆಯದೆ ಬಚ್ಚಿಡಬಹುದಿತ್ತು. ಅದು ಅವಳಿಗೆ ಬಾರದ ವಿದ್ಯೆ.

ಜಗಲಿಯಲ್ಲಿ ವೃಷಭೇಂದ್ರ ಸೊಪ್ಪಿನ ಹೊರೆ ಇಳಿಸಿ ಕೂತಿದ್ದಾನೆ. ಕಂಬಕ್ಕೆ ಒರಗಿಸಿರುವುದು ನಿನ್ನೆ ತಾಳವಾಡಿಯಿಂದ ತಂದ ಇದ್ದಿಲ ಮೂಟೆ. “ಎಷ್ಟಾಯ್ತು?” ಎನ್ನುತ್ತಾನೆ. ಅವಳು ಹೇಳುತ್ತಾಳೆ. ಒಳಗಿನಿಂದ ಬಂದ ಶಾಂತಮಲ್ಲಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. ಬೆಳಗಿನ ಥಂಡಿಗೆ ಅವರ ಎದೆ ಸಣ್ಣಗೆ ಸುಯ್ಯೆನ್ನುತ್ತಿದೆ.

ಮದುವೆಯಾಗಿ ಐದು ವರ್ಷವಾಗುತ್ತ ಬಂತು. ಈ ಮನೆಯಲ್ಲಿ ಶಿವರಂಜನಿ ತನಗೆಂದು ಏನನ್ನೂ ಕೇಳಿದವಳಲ್ಲ. ಈಗ ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಮುಖ ನೋಡದೆ ಕೇಳುತ್ತಾಳೆ.

“ಆ ಮೂಟ ಬಿಚ್ಚಬ್ಯಾಡಿ. ಅತ್ತೆ ಎದಗ ಒಗ ತಡಿಯಲ್ಲ. ಚಳಿ ಕಳಿಯೋಗಂಟ ಪೆಟ್ಟಿಗ ಓಡ್ಲಿ.”

ವೃಷಭೇಂದ್ರ ಮೂಟೆಯನ್ನು ನೋಡುತ್ತಾನೆ. ಶಾಂತಮಲ್ಲಮ್ಮ ಸೊಸೆಯನ್ನು ನೋಡುತ್ತಾರೆ.