ಐದನೆಯದನ್ನು ಕೊಡದ ಬಿಗಿ ಅಕ್ಕ

ಬೆಳಗಿನ ಐದೂಮುಕ್ಕಾಲು. ಉದ್ದನೆಯ ಶೆಡ್ಡಿನಲ್ಲಿ ಯಂತ್ರಗಳಿನ್ನೂ ಮಲಗಿವೆ, ಉರಿಯುತ್ತಿರುವುದು ಒಂದೇ ದೀಪ. ಅದರ ಕೆಳಗೆ ಸೊಂಟದೆತ್ತರದ ಕಬ್ಬಿಣದ ಮೇಜು, ಮೇಜಿನ ಮುಂದೆ ನಲವತ್ತೊಂದು ವರ್ಷದ ಹೆಂಗಸು. ಎಡಗೈಯಲ್ಲಿ ಹೊಳೆಯುವ ಉಕ್ಕಿನ ಶಂಕು ಹಿಡಿದು, ಬಟ್ಟೆಯಿಂದ ಎರಡು ಸಲ ಒರೆಸಿ, ಮೂರನೆಯ ಸಲ ಬರಿ ಅಂಗೈಯಿಂದ ಸವರುತ್ತಾರೆ. ಬಟ್ಟೆ ಎಷ್ಟೇ ಒಳ್ಳೆಯದಾದರೂ ಒಂದು ಎಳೆ ಬಿಟ್ಟೇ ಹೋಗುತ್ತದೆ ಎಂಬುದು ಅವರ ಅನುಭವ. ಅಂಗೈ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ದೀಪಕ್ಕೆ ಹಿಡಿದರೂ ಅಲ್ಲಿ ಏನೂ ಕಾಣುವುದಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದಾಗ, ಸಾಸಿವೆಯ ಹತ್ತರಲ್ಲೊಂದು ಪಾಲಿನಷ್ಟು ಲೋಹದ ಚೂರು ಮೇಜಿಗೆ ಉದುರುತ್ತದೆ.

"ಇದು ಒಳಗೆ ಹೋಗಿದ್ರೆ ಇವತ್ತು ಕೊರೆಯೋ ತೂತೆಲ್ಲ ಸೊಟ್ಟ," ಎಂದು ಹೇಳಿ ಅದನ್ನು ಊದಿಬಿಡುತ್ತಾರೆ.

ಆರೂವರೆಗೆ ಮೊದಲ ಪಾಳಿ. ಅಷ್ಟರೊಳಗೆ ಇಂಥ ಇಪ್ಪತ್ತನಾಲ್ಕು ಹೋಲ್ಡರ್‌ಗಳು ಸಿದ್ಧವಾಗಬೇಕು. ಹೋಲ್ಡರ್ ಎಂದರೆ ಲೋಹ ಕೊರೆಯುವ ಯಂತ್ರದ ತಿರುಗುವ ದಂಡದೊಳಗೆ ಹೋಗಿ ಕೂರುವ ಶಂಕು. ಅದರ ಬಾಯಲ್ಲಿ ಕೊಲೆಟ್ ಇರುತ್ತದೆ. ಅರೆಬಿರಿದ ಮೊಗ್ಗಿನಂತೆ ಸುತ್ತಲೂ ಸೀಳು ಬಿಟ್ಟ ಉಕ್ಕಿನ ಕೊಳವೆ ಅದು. ಮೇಲಿನ ನಟ್ಟು ಬಿಗಿದಂತೆಲ್ಲ ಸೀಳುಗಳು ಒಂದನ್ನೊಂದು ಕೂಡಿಕೊಂಡು, ನಡುವೆ ಇಟ್ಟ ಕಟರ್‌ನ ಕತ್ತನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿಯುತ್ತವೆ. ಆಮೇಲೆ ಆ ಕಟರ್ ನಿಮಿಷಕ್ಕೆ ಎಂಟು ಸಾವಿರ ಸುತ್ತು ಸುತ್ತುತ್ತ ಉಕ್ಕನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಕೊಯ್ದದ್ದನ್ನು ಎಲ್ಲರೂ ನೋಡುತ್ತಾರೆ. ಹಿಡಿದದ್ದನ್ನು ಯಾರೂ ನೋಡುವುದಿಲ್ಲ.

ದಿನಕ್ಕೆ ಅರವತ್ತು, ಅರವತ್ತೈದು ಕಟರ್‌ಗಳನ್ನು ಹೀಗೆ ಹಿಡಿಸಿ ಕೊಡುವ ಈ ಹೆಂಗಸನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಬಿಗಿ ಅಕ್ಕ ಎಂದೇ. ನಟ್ಟು ಬಿಗಿಯುವುದಕ್ಕೆ ಆ ಹೆಸರು ಬಂತೆಂದು ಅವರು ತಿಳಿದಿದ್ದಾರೆ. ಅವರ ಕೈ ಬಿಗಿಗೇ ಬಂತು ಎನ್ನುತ್ತಾರೆ ಫೋರ್‌ಮನ್. ಒಯ್ಯುವವರು ತಮ್ಮ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಗುರುತಿಗೆ ಮೊಳೆಗೆ ನೇತುಹಾಕದೆ ಹೋದರೆ, ಜಪ್ಪಯ್ಯ ಎಂದರೂ ಅವರ ಮೇಜಿನಿಂದ ಒಂದು ಕೊಲೆಟ್ ಆಚೆ ಹೋಗುವುದಿಲ್ಲ. ಒಮ್ಮೆ ಮಾಲೀಕರೇ ಬಿಲ್ಲೆಯಿಲ್ಲದೆ ಬಂದು ಬರಿಗೈಯಲ್ಲಿ ಮರಳಿದ ಕತೆಯನ್ನು ಕ್ಯಾಂಟೀನಿನಲ್ಲಿ ಇಂದಿಗೂ ರಸವತ್ತಾಗಿ ಹೇಳುತ್ತಾರೆ.

ಆದರೆ ಇವತ್ತು ಬಿಗಿ ಅಕ್ಕನ ಮುಖವೇ ಬಿಗಿದಿದೆ. ಹತ್ತು ಗಂಟೆಯ ಟಪಾಲಿನಲ್ಲಿ ಪರೀಕ್ಷಾ ಮಂಡಳಿಯ ಕಾಗದ ಬರಬೇಕು. ಅದರಲ್ಲಿ 'ತೇರ್ಗಡೆ' ಎಂದಿದ್ದರೆ ಈ ಮೇಜು ಅವರದು. ಇಲ್ಲವಾದರೆ ಮುಂದಿನ ತಿಂಗಳಿಂದ ಮತ್ತೆ ಪೊರಕೆ.

ಹೌದು, ಪೊರಕೆಯೇ. ಹತ್ತೊಂಬತ್ತು ವರ್ಷಗಳಿಂದ ಅವರ ಗುರುತಿನ ಚೀಟಿಯಲ್ಲಿರುವುದು 'ಕಸ ಗುಡಿಸುವವರು' ಎಂದು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮನೆಯ ಹೊಲಿಗೆ ಯಂತ್ರದಲ್ಲಿ ಕಾಜ ಹೊಲಿಯುತ್ತಿದ್ದ ಹುಡುಗಿ ಇಲ್ಲಿಗೆ ಬಂದದ್ದು ಲೋಹದ ಸಿಪ್ಪೆ ಗುಡಿಸುವುದಕ್ಕೆ. ಗುಡಿಸುವವರನ್ನು ಯಾರೂ ಗಮನಿಸುವುದಿಲ್ಲ. ಅದೇ ಅವರಿಗೆ ಅನುಕೂಲವಾಯಿತು. ಆಗ ಈ ಮೇಜಿನಲ್ಲಿದ್ದವರು ದಪ್ಪ ಕನ್ನಡಕದ ಒಬ್ಬ ಅಜ್ಜ. ಅಜ್ಜನ ಮೇಜಿನ ಸುತ್ತ ಕಸ ಇಲ್ಲದಿದ್ದರೂ ಇವರ ಪೊರಕೆ ಅಲ್ಲೇ ಆಡುತ್ತಿತ್ತು.

ಒಂದು ದಿನ ಹೊಸದಾಗಿ ತರಬೇತಿ ಮುಗಿಸಿ ಬಂದವನೊಬ್ಬ ಕೊಲೆಟ್ಟನ್ನು ನೇರವಾಗಿ ಹೋಲ್ಡರಿನ ಬಾಯಿಗೆ ಇಳಿಸಿ, ಮೇಲಿಂದ ನಟ್ಟು ಹಾಕಿ ತಿರುಗಿಸುತ್ತಿದ್ದ. ಹೊಸಬರೆಲ್ಲ ಮಾಡುವ ತಪ್ಪು ಇದು. ಕೊಲೆಟ್ಟು ಮೊದಲು ನಟ್ಟಿನೊಳಗಿನ ತುಟಿಗೆ ಓರೆಯಾಗಿ ಸಿಕ್ಕಿ 'ಟಕ್' ಎನ್ನಬೇಕು, ಆಮೇಲಷ್ಟೇ ಎರಡೂ ಒಟ್ಟಿಗೆ ಹೋಲ್ಡರಿಗೆ ಹೋಗಬೇಕು. ಗುಡಿಸುತ್ತಿದ್ದವಳ ಬಾಯಿ ತಡೆಯಲಿಲ್ಲ: "ಟಕ್ ಅನ್ನಲಿಲ್ವಲ್ಲಣ್ಣ." ಅವನು ಮೂಗು ಮುರಿದ. ಅಜ್ಜ ಕನ್ನಡಕ ಮೇಲೆತ್ತಿ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿ, ಪೊರಕೆ ಗೋಡೆಗೊರಗಿಸಿ ಬಾ ಎಂದರು.

ಕಲಿತದ್ದೆಲ್ಲ ಸಲೀಸಾಗಿ ಬರಲಿಲ್ಲ. ಆ ವರ್ಷವೇ ಅಜ್ಜ ಜ್ವರದಿಂದ ಎರಡು ದಿನ ಬರದಿದ್ದಾಗ, ಅವರ ಕೊಲೆಟ್‌ಗಳನ್ನು ಒಪ್ಪವಾಗಿಡಬೇಕೆಂಬ ಅಕ್ಕರೆಯಿಂದ ಇವರು ಒಂದೊಂದಕ್ಕೂ ಒಳಗೂ ಹೊರಗೂ ಎಣ್ಣೆ ಸವರಿಟ್ಟರು. ಹೊಲಿಗೆ ಯಂತ್ರಕ್ಕೆ ಹಾಗೆಯೇ ಮಾಡುತ್ತಿದ್ದರಲ್ಲ. ಮಧ್ಯಾಹ್ನ ಮಿಲ್ಲಿಂಗ್ ಯಂತ್ರದಲ್ಲಿ ಕಟರ್ ಎಣ್ಣೆಯ ಮೇಲೆ ಜಾರುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿದು, ಕೊನೆಗೆ ಉಕ್ಕಿಗೆ ಕಚ್ಚಿ ಸಿಡಿಯಿತು. ಒಂದು ಚೂರು, ಆ ಯಂತ್ರ ನಡೆಸುತ್ತಿದ್ದ, ಎಲ್ಲರೂ ಮಿಲ್ಲಿಂಗ್ ಅಣ್ಣ ಎನ್ನುವವರ ಎಡ ಹುಬ್ಬನ್ನು ಸೀಳಿಕೊಂಡು ಹೋಯಿತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ.

ಹುಬ್ಬಿನ ಆ ಗೆರೆ ಈಗಲೂ ಇದೆ. ಮಿಲ್ಲಿಂಗ್ ಅಣ್ಣ ಅದನ್ನು ಬೆರಳಲ್ಲಿ ತೋರಿಸಿ, "ಇದು ನಮ್ಮಕ್ಕನ ಸಹಿ. ಬೇರೆ ಯಾರಿಗೂ ಹಾಕಿಕೊಟ್ಟಿಲ್ಲ," ಎಂದು ನಗುತ್ತಾರೆ. ಬಿಗಿ ಅಕ್ಕ ನಗುವುದಿಲ್ಲ. ಅಂದಿನಿಂದ ಅವರು ಕೊಲೆಟ್ಟಿನ ಒಳಗೋಡೆಯನ್ನು ಒಣಗಿಸದೆ ಕೈಬಿಟ್ಟದ್ದಿಲ್ಲ. ಅಜ್ಜ ನಿವೃತ್ತರಾದ ಮೇಲೆ ಮೇಜು ತಾನೇ ತಾನಾಗಿ ಇವರದಾಯಿತು. ಚೀಟಿ ಮಾತ್ರ ಬದಲಾಗಲಿಲ್ಲ, ಇವರೂ ಕೇಳಲಿಲ್ಲ.

ಕಳೆದ ವರ್ಷ ಕಾರ್ಖಾನೆಗೆ ಹೊಸ ನಿಯಮ ಬಂತು. ಮಂಡಳಿಯ ಪರೀಕ್ಷೆ ಪಾಸಾಗದವರು ಉಪಕರಣ ಮುಟ್ಟುವಂತಿಲ್ಲ. ಎರಡು ಸಲ ಕೂರಬಹುದು, ಅಲ್ಲಿಯವರೆಗೆ ಕೆಲಸ ನಡೆಯುತ್ತದೆ. ಮೂರನೆಯ ಸಲ ಇಲ್ಲ. ಪರೀಕ್ಷೆ ಕೇಳುವುದಕ್ಕೆ ಸುಲಭ. ಪರೀಕ್ಷಕರು ತಂದ ಐದು ಹೋಲ್ಡರ್, ಐದು ಕೊಲೆಟ್, ಐದು ಕಟರ್, ಅರ್ಧ ಗಂಟೆ. ಹಿಡಿಸಿದ ಕಟರನ್ನು, ಅದರ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆಯ ಗಡಿಯಾರದ ಮುಂದೆ ತಿರುಗಿಸಿದಾಗ ಮುಳ್ಳು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಹೆಚ್ಚು ಅಲ್ಲಾಡಕೂಡದು. ತಲೆಕೂದಲನ್ನು ಉದ್ದಕ್ಕೆ ಏಳು ಸೀಳು ಮಾಡಿದರೆ ಒಂದು ಸೀಳಿನಷ್ಟು. ಐದಕ್ಕೆ ಐದೂ ಬರಬೇಕು.

ಆರು ತಿಂಗಳ ಹಿಂದೆ ಮೊದಲ ಸಲ ಕೂತಾಗ ಬಿಗಿ ಅಕ್ಕ ಹದಿನೈದು ನಿಮಿಷದಲ್ಲಿ ನಾಲ್ಕನ್ನು ಮುಗಿಸಿದರು. ಮುಳ್ಳು ಮಿಸುಕಲಿಲ್ಲ ಎನ್ನುವಷ್ಟು ಸಣ್ಣಗೆ ಮಿಸುಕಿತು. ಐದನೆಯ ಕೊಲೆಟ್ಟನ್ನು ಕೈಗೆತ್ತಿಕೊಂಡವರು ಅದರೊಳಗೆ ಕಟರ್ ಇಟ್ಟು ಬೆರಳಲ್ಲಿ ಆಡಿಸಿದರು. ಬಾಯಿಯ ಕಡೆ ಅದು ತೊಟ್ಟಿಲಿನಂತೆ ತೂಗಿತು. ಕೊಲೆಟ್ಟಿನ ಬಾಯಿ ಸವೆದು ಗಂಟೆಯಂತೆ ಅಗಲವಾಗಿತ್ತು, ಹೊರಗೋಡೆಯ ಮೇಲೆ ಕಂದು ಕಲೆಗಳೂ ಇದ್ದವು. ಅವರು ಅದನ್ನು ಮೇಜಿನ ಅಂಚಿಗೆ ಸರಿಸಿಟ್ಟು ಕೈ ಕಟ್ಟಿ ನಿಂತರು.

ಇನ್ನೂ ಸಮಯವಿದೆ, ಯಾಕೆ ನಿಲ್ಲಿಸಿದಿರಿ ಎಂದು ಪರೀಕ್ಷಕರು ಕೇಳಿದರು.

"ಇದಕ್ಕೆ ವಯಸ್ಸಾಗಿದೆ ಸಾರ್. ಹಿಡಿಯಲ್ಲ."

ಅದೇ ಕೊಲೆಟ್ಟಿನಲ್ಲಿ ನಾಲ್ಕು ವರ್ಷಗಳಿಂದ ಎಷ್ಟೋ ಜನ ಪಾಸಾಗಿದ್ದಾರೆ ಎಂದು ಪರೀಕ್ಷಕರು ಸ್ವಲ್ಪ ಖಾರವಾಗಿಯೇ ಹೇಳಿದರು. ಅದು ನಿಜವೂ ಇರಬಹುದೆಂದು ಬಿಗಿ ಅಕ್ಕ ಒಪ್ಪಿದರು. ಕಟರನ್ನು ಒಳಗೆ ಚೂರುಚೂರೇ ತಿರುಗಿಸಿ ಕೂರಿಸುತ್ತ ಹೋದರೆ, ಒಂದು ಜಾಗದಲ್ಲಿ ಮುಳ್ಳು ತೆಪ್ಪಗಾಗುತ್ತದೆ. ಆ ಕೈಚಳಕ ಅವರಿಗೂ ಗೊತ್ತು. ಬೇಕಾದರೆ ಎರಡೇ ನಿಮಿಷ.

"ಗಡಿಯಾರದ ಮುಂದೆ ನಿಲ್ಸಿಕೊಡ್ತೀನಿ ಸಾರ್. ಉಕ್ಕಿನ ಮುಂದೆ ನಿಲ್ಲಲ್ಲ. ಹಿಂದಿನ ತುದಿ ಮಾತ್ರ ಹಿಡಿದಿರುತ್ತೆ. ಕೊರೆಯೋಕೆ ಶುರು ಮಾಡಿದ್ಮೇಲೆ ಬಿಟ್ಟುಬಿಡುತ್ತೆ. ಆ ಯಂತ್ರದ ಮುಂದೆ ಯಾರಾದರೂ ನಿಂತಿರ್ತಾರಲ್ಲ."

ಇದು ಪರೀಕ್ಷೆಯಷ್ಟೆ, ಇದನ್ನು ಯಾರೂ ಯಂತ್ರಕ್ಕೆ ಹಾಕುವುದಿಲ್ಲ ಎಂದರು ಪರೀಕ್ಷಕರು. ಪಕ್ಕದಲ್ಲಿ ನಿಂತಿದ್ದ ಫೋರ್‌ಮನ್ ಕಣ್ಣಲ್ಲೇ ಬೇಡಿಕೊಂಡರು, ಕೂರಿಸಿಬಿಡಕ್ಕ ಎಂದು. ಬಿಗಿ ಅಕ್ಕನಿಗೆ ಬೆವರು ಕಿತ್ತುಕೊಂಡು ಬಂತು. ಮೇಜು ಹೋಗಬಹುದೆಂಬುದು ಅವರಿಗೂ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ.

"ಪರೀಕ್ಷೆಗೆ ಅಂತ ಒಂದು ಸಲ ಹಿಡಿಸಿಕೊಟ್ರೆ, ಕೈಗೆ ಅದೇ ಅಭ್ಯಾಸ ಆಗುತ್ತೆ ಸಾರ್," ಎಂದಷ್ಟೇ ಹೇಳಿದರು.

ಪರೀಕ್ಷಕರು ಐದಕ್ಕೆ ನಾಲ್ಕು ಎಂದು ಬರೆದರು. ಅನುತ್ತೀರ್ಣ. ಕಾರ್ಖಾನೆಯವರು ಸಿಡಿಮಿಡಿಗೊಂಡರು. ಮನೆಯಲ್ಲಿ ವ್ಯಾನು ಓಡಿಸುವ ಗಂಡ ತಟ್ಟೆಗೆ ಇನ್ನಷ್ಟು ಬಡಿಸಿದರು. ಸೊಸೆ ಕಾರ್ಖಾನೆಯಲ್ಲಿ ಏನೋ ಒರೆಸುತ್ತಾಳೆ ಎಂದೇ ನೆರೆಹೊರೆಗೆಲ್ಲ ಹೇಳಿಕೊಂಡು ಬಂದಿದ್ದ ಅತ್ತೆ, ಒರೆಸುವುದಕ್ಕೂ ಪರೀಕ್ಷೆ ಇಟ್ಟಿದ್ದಾರಾ, ಅದರಲ್ಲೂ ಫೇಲಾದೆಯಾ ಎಂದು ಬೆರಗಾದರು. ಅದನ್ನು ಹೇಳುವಾಗ ಮಾತ್ರ ಬಿಗಿ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಪರೀಕ್ಷಕರು ಆ ದಿನ ಹೋಗುವಾಗ ಆ ಕೊಲೆಟ್ಟನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡದ್ದನ್ನು ಫೋರ್‌ಮನ್ ನೋಡಿದ್ದರು. ಅದರ ಅರ್ಥ ಗೊತ್ತಾದದ್ದು ಕಳೆದ ವಾರ, ಎರಡನೆಯ ಪರೀಕ್ಷೆಯ ದಿನ. ಬೇರೆ ಕಾರ್ಖಾನೆಗಳ ಆರು ಜನರೂ ಕೂತಿದ್ದರು. ಎಲ್ಲರ ಮುಂದೆಯೂ ಐದರ ಬದಲು ಎಂಟು ಕೊಲೆಟ್. ಅರ್ಧ ಗಂಟೆಯ ಬದಲು ಮೂವತ್ತೈದು ನಿಮಿಷ. ಅಚ್ಚು ಹಾಕಿದ ಹೊಸ ಹಾಳೆಯ ಮೊದಲ ಸಾಲಿನಲ್ಲಿ, ಹಿಡಿಸುವ ಮುನ್ನ ಕೊಲೆಟ್‌ಗಳನ್ನು ಪರೀಕ್ಷಿಸಿ, ಯೋಗ್ಯವಲ್ಲದವನ್ನು ಕಾರಣ ಸಹಿತ ತೆಗೆದಿಡಬೇಕು ಎಂದಿತ್ತು.

ಇದ್ಯಾವ ಹೊಸ ಕಾಟ ಎಂದು ಒಬ್ಬ ಗೊಣಗಿದ. ಪರೀಕ್ಷಕರು ತಲೆಯೆತ್ತದೆ ಹೇಳಿದರಂತೆ, "ಬೈಯೋದಿದ್ರೆ ಮೂಲೆಯಲ್ಲಿರೋ ಆ ಅಮ್ಮನ್ನ ಬೈಯಿರಿ. ಅವರದೇ ಕೆಲಸ."

ಆರೂ ಜನ ತಿರುಗಿ ನೋಡಿದರು. ಬಿಗಿ ಅಕ್ಕ ನಾಚಿಕೊಂಡು ಕೊಲೆಟ್‌ಗಳ ಮೇಲೆ ಇನ್ನಷ್ಟು ಬಗ್ಗಿದರು. ಮೂರನ್ನು ತೆಗೆದಿಟ್ಟು, ಐದನ್ನು ಹಿಡಿಸಿ, ಹಾಳೆಯಲ್ಲಿ ಕಾರಣಗಳನ್ನು ಅಕ್ಷರ ಅಕ್ಷರ ಕೂಡಿಸಿ ಬರೆದುಬಂದರು. ಕೂರಿಸಿದ್ದರ ಬಗ್ಗೆ ಅವರಿಗೆ ಅನುಮಾನವಿಲ್ಲ, ಬರೆದದ್ದರ ಬಗ್ಗೆ ಈ ಒಂದು ವಾರ ನಿದ್ದೆಯಿಲ್ಲ.

ಹತ್ತೂಕಾಲಿಗೆ ಫೋರ್‌ಮನ್ ಲಕೋಟೆ ಹಿಡಿದು ಬರುತ್ತಾರೆ. ಬಿಗಿ ಅಕ್ಕನ ಕೈಯಲ್ಲಿ ಅರ್ಧ ಬಿಗಿದ ನಟ್ಟು. ಅದನ್ನು ಮುಗಿಸಿ, ಮುಳ್ಳು ನೋಡಿ, ಬಿಲ್ಲೆ ಪಡೆದು ಹೋಲ್ಡರ್ ಕೊಟ್ಟು ಕಳಿಸಿದ ಮೇಲೆಯೇ ಕೈ ತೊಳೆಯಲು ಹೋಗುತ್ತಾರೆ. ಅಷ್ಟು ಹೊತ್ತು ಕಾಯಲಾರದೆ ಮಿಲ್ಲಿಂಗ್ ಅಣ್ಣ ಲಕೋಟೆ ಹರಿದು ಓದಿಬಿಡುತ್ತಾರೆ. ತೇರ್ಗಡೆ. ಜೊತೆಗೆ ಹೊಸ ಗುರುತಿನ ಚೀಟಿ, ಅದರ ಮೇಲೆ 'ಉಪಕರಣ ಜೋಡಣೆಗಾರರು'. ಯಂತ್ರಗಳ ಸದ್ದಿನ ನಡುವೆ ಯಾರೋ ಸಿಳ್ಳೆ ಹಾಕುತ್ತಾರೆ.

ಒದ್ದೆ ಕೈಯನ್ನು ಒರೆಸಿಕೊಂಡು ಬಂದ ಬಿಗಿ ಅಕ್ಕ ಚೀಟಿಯನ್ನು ಒಮ್ಮೆ ಓದಿ, ಇನ್ನೊಮ್ಮೆ ಓದಿ, ಮೇಲಂಗಿಯ ಜೇಬಿಗೆ ಇಳಿಸುತ್ತಾರೆ. ಕಣ್ಣು ತುಂಬಿದೆ, ಆದರೆ ಅದನ್ನು ಒರೆಸಲು ಬಿಡುವಿಲ್ಲ. ಮೊಳೆಯ ಹತ್ತಿರ ಆಗಲೇ ಎರಡು ಬಿಲ್ಲೆಗಳು ಕಾಯುತ್ತಿವೆ. ಖುಷಿಯಾಯಿತೇ ಎಂದರೆ ಮುಂದಿನ ಕೊಲೆಟ್ಟನ್ನು ಬೆಳಕಿಗೆ ಹಿಡಿದು, ಅದರ ಬಾಯೊಳಗೆ ನೋಡುತ್ತಲೇ ಉತ್ತರಿಸುತ್ತಾರೆ.

"ಚೀಟಿ ನಂದು, ನಾನು ಮನೆಗೆ ಹೋದ ದಿನ ಅದೂ ಮುಗೀತು. ಆ ಹಾಳೆಯಲ್ಲಿ ಐದು ನಿಮಿಷ ಜಾಸ್ತಿ ಮಾಡಿದ್ದಾರಲ್ಲ, ಅದು ಇರುತ್ತೆ. ಇನ್ಮೇಲೆ ಯಾರು ಕೂತ್ರೂ ಮೊದಲು ಕೊಲೆಟ್ ನೋಡ್ತಾರೆ. ಅಲ್ಲಿ ನನ್ನ ಹೆಸರು ಬರೆದಿಲ್ಲ, ಬರೆಯೋದೂ ಬೇಡ. ನೋಡಿದ್ರೆ ಸಾಕು."